ಹಲ್ಲು ನೋಡಿ ವಯಸ್ಸು ಹೇಳುವ ನೆಲ

ಬೆಂಗಳೂರಿನ ಆಫೀಸಿನಲ್ಲಿ ಯಾರಾದರೂ "ನಿಮ್ಮೂರಲ್ಲಿ ನೋಡೋಕೆ ಏನಿದೆ?" ಅಂತ ಕೇಳಿದರೆ ಕಲಬುರಗಿಯವರ ಹತ್ತಿರ ಒಂದು ಸಿದ್ಧ ಪಟ್ಟಿ ಇರುತ್ತದೆ. ಶರಣಬಸವೇಶ್ವರ ಗುಡಿ, ಬಂದೇನವಾಜ್ ದರ್ಗಾ, ಕೋಟೆ, ಅದರೊಳಗಿನ 1367ರ ಜಾಮಿಯಾ ಮಸೀದಿ, ಬುದ್ಧ ವಿಹಾರ. ಕೇಳಿದವರು "ಅಷ್ಟೇನಾ? ಬಿಸಿಲು ಬಿಟ್ಟಿರಲ್ಲ" ಅಂತ ನಗುತ್ತಾರೆ. ನಾವೂ ನಗುತ್ತೇವೆ.

ಆ ಪಟ್ಟಿಗೆ ಇನ್ನೊಂದು ಸಾಲು ಸೇರಿಸಬೇಕು. ಆನೆಯ ಹಲ್ಲು, ಕಾಡುದನದ ಹಲ್ಲು. ಲಕ್ಷಾಂತರ ವರ್ಷ ಮಣ್ಣಿನಲ್ಲಿದ್ದು ಕಲ್ಲಾದ ಹಲ್ಲುಗಳು. ಇವು ಸಿಕ್ಕಿದ್ದು ನಮ್ಮ ಹಳೆಯ ಕಲಬುರಗಿ ಜಿಲ್ಲೆಯಲ್ಲೇ. ಭಾರತದಲ್ಲಿ ಮನುಷ್ಯ ಎಷ್ಟು ಹಿಂದಿನಿಂದ ಇದ್ದಾನೆ ಅನ್ನುವ ಪ್ರಶ್ನೆಗೆ ಉತ್ತರ ಹುಡುಕಿದವರು ಈ ಹಲ್ಲುಗಳನ್ನೇ ಕೇಳಿದರು. ಆದರೆ ನಮ್ಮ ಮಕ್ಕಳನ್ನು ಕರೆದುಕೊಂಡು ಹೋಗಿ "ನೋಡವ್ವಾ, ಇದೇ" ಅಂತ ತೋರಿಸೋಕೆ, ಪಳೆಯುಳಿಕೆ ಸಸ್ತನಿಗಳಿಗೇ ಮೀಸಲಾದ ಒಂದು ಹಾಲ್ ನಮ್ಮೂರಲ್ಲಿ ಇಲ್ಲ.

ಅಂಥ ಹಾಲ್ ಅಂದರೆ ಏನು?

ದೊಡ್ಡ ಊರುಗಳಲ್ಲಿ ಇವೆ. ಕೋಲ್ಕತ್ತಾದ ಇಂಡಿಯನ್ ಮ್ಯೂಸಿಯಂ ಶುರುವಾಗಿದ್ದು 1814ರಲ್ಲಿ. ಅಲ್ಲಿ ಶಿವಾಲಿಕ್ ಬೆಟ್ಟಗಳಲ್ಲಿ ಸಿಕ್ಕ ಪಳೆಯುಳಿಕೆಗಳಿಗೇ ಒಂದು ಗ್ಯಾಲರಿ ಇದೆ. ಆ ಬೆಟ್ಟಗಳಲ್ಲಿ ಸಿಕ್ಕ ಒಂದು ಆನೆಗೆ ಬ್ರಿಟಿಷ್ ವಿಜ್ಞಾನಿಗಳು ಇಟ್ಟ ಹೆಸರು ಸ್ಟೆಗೋಡಾನ್ ಗಣೇಶ. ಜಿರಾಫೆಯ ಬಂಧು ಒಂದಕ್ಕೆ ಇಟ್ಟದ್ದು ಶಿವಥೀರಿಯಮ್, ಅಂದರೆ ಶಿವನ ಮೃಗ. ಗಣೇಶನ ಆನೆಯ ದಂತಗಳು ಮೂರು ಮೀಟರಿಗೂ ಉದ್ದ. ಎರಡೂ ದಂತ ಎಷ್ಟು ಹತ್ತಿರ ಇದ್ದವು ಅಂದರೆ, ನಡುವೆ ಸೊಂಡಿಲು ತೂರೋಕೆ ಜಾಗ ಸಾಲದೆ ಪಕ್ಕಕ್ಕೆ ಇಳಿಬಿಟ್ಟುಕೊಳ್ಳುತ್ತಿತ್ತು ಅಂತ ಊಹಿಸುತ್ತಾರೆ.

ನ್ಯೂಯಾರ್ಕಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ನಾಲ್ಕನೇ ಮಹಡಿಯಲ್ಲಿ ಪಳೆಯುಳಿಕೆ ಸಸ್ತನಿಗಳಿವೆ. ಅಲ್ಲಿ ನೀವು ನಡೆಯುವ ದಾರಿಯೇ ಒಂದು ಮರದ ಕಾಂಡ. ಬದಿಗೆ ತಿರುಗಿದರೆ ಒಂದು ಕೊಂಬೆ, ಆ ಕೊಂಬೆಯಲ್ಲಿ ಒಂದು ಮನೆತನದ ಪ್ರಾಣಿಗಳು. ಯಾರು ಯಾರಿಗೆ ಅಣ್ಣತಮ್ಮ, ಯಾರು ದೂರದ ನೆಂಟ ಅಂತ ಕಾಲ್ನಡಿಗೆಯಲ್ಲೇ ಗೊತ್ತಾಗುತ್ತದೆ.

ನಮ್ಮಲ್ಲಿ ಬಹಮನಿ ಕಾಲದ ಎರಡು ಗುಮ್ಮಟಗಳಲ್ಲಿ ಸರಕಾರಿ ವಸ್ತುಸಂಗ್ರಹಾಲಯ ಇದೆ. ಶಿಲ್ಪಗಳಿಗಾಗಿ ಖಂಡಿತ ನೋಡಬೇಕು, ಒಳಗಿನ ತಂಪಿಗಾಗಿಯೂ. ಜಿಲ್ಲಾ ವಿಜ್ಞಾನ ಕೇಂದ್ರ 1984ರಿಂದ ಇದೆ. ಕಳೆದ ಡಿಸೆಂಬರ್ ರಜೆಯಲ್ಲಿ ಊರಿಗೆ ಹೋದಾಗ ಅಕ್ಕನ ಮಗಳನ್ನು ಎರಡಕ್ಕೂ ಕರೆದುಕೊಂಡು ಹೋಗಿದ್ದೆ. ಒಂಬತ್ತು ವರ್ಷದವಳು, ಡೈನೋಸಾರ್ ಹೆಸರುಗಳೆಲ್ಲ ಬಾಯಿಪಾಠ. ಹೊರಗೆ ಬಂದು ಕೇಳಿದಳು: "ಮಾಮಾ, ನಮ್ಮೂರಾಗ ಮೊದಲು ಯಾವ್ ಪ್ರಾಣಿ ಇದ್ವು?"

ಉತ್ತರ ಕಟ್ಟಡದೊಳಗೆ ಇಲ್ಲದಿದ್ದರೆ ಹೊರಗೆ ನೆಲದಲ್ಲೇ ಹುಡುಕಬೇಕು. ಕಲಬುರಗಿ ಸೀಮೆಯ ಅನುಕೂಲ ಏನೆಂದರೆ, ಇಲ್ಲಿನ ಕಲ್ಲು ಕಾಲದ ಪ್ರಕಾರ ಕೋಣೆ ಕೋಣೆಯಾಗಿ ಜೋಡಿಸಿಟ್ಟ ಹಾಗಿದೆ. ಸೂರು ಒಂದಿಲ್ಲ ಅಷ್ಟೇ.

ಮೊದಲ ಕೋಣೆ: ಕಾಲ ಕೆಳಗಿನ ಪರ್ಸಿ

ಈ ಭಾಗದ ಹಳೆಯ ಮನೆಗಳಲ್ಲಿ ನೆಲಕ್ಕೆ ಶಹಾಬಾದ್ ಪರ್ಸಿ. ಬೇಸಿಗೆಯಲ್ಲಿ ಚಾಪೆ ಬೇಡ ಅಂತ ಬರಿನೆಲದ ಮೇಲೆ ಮಲಗಿದವರಿಗೆ ಅದರ ತಂಪು ಗೊತ್ತು. ಅದು ಭೀಮಾ ಸೀಮೆಯ ಸುಣ್ಣಕಲ್ಲು. ಶಹಾಬಾದ್, ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳೆಲ್ಲ ಇದೇ ಕಲ್ಲಿನ ಮೇಲೆ ನಿಂತಿವೆ.

ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಕೆಸರು ಇದು. ಅದಕ್ಕೇ ಹಪ್ಪಳದ ಹಾಗೆ ಏಳುತ್ತದೆ. ವಯಸ್ಸು 50 ಕೋಟಿ ವರ್ಷಕ್ಕೂ ಹೆಚ್ಚು. ಆಗ ಬೆನ್ನೆಲುಬು, ದವಡೆ, ಹಲ್ಲು ಇರುವ ಪ್ರಾಣಿ ಅನ್ನೋದೇ ಹುಟ್ಟಿರಲಿಲ್ಲ. ಹಾಗಾಗಿ ಪರ್ಸಿಯಲ್ಲಿ ಆನೆಯನ್ನೂ ಎತ್ತನ್ನೂ ಹುಡುಕಬೇಡಿ. ಆದರೆ ಈ ಕಲ್ಲನ್ನು ನೆನಪಿಟ್ಟುಕೊಳ್ಳಿ, ಮುಂದೆ ಹುಣಸಗಿಯಲ್ಲಿ ಇದು ಮತ್ತೆ ಬರುತ್ತದೆ.

ಎರಡನೇ ಕೋಣೆ: ಕಮಲಾಪುರದ ಕರಿಕಲ್ಲು

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಸುಮಾರು 40 ಕಿ.ಮೀ. ದೂರದಲ್ಲಿ ಕಮಲಾಪುರ. ಬೀದರ್–ಕಲಬುರಗಿ ರೈಲು ದಾರಿ 2017ರ ಅಕ್ಟೋಬರಿನಲ್ಲಿ ಶುರುವಾದ ಮೇಲೆ ರೈಲಲ್ಲೂ ಹೋಗಬಹುದು. ರಸ್ತೆ ಬದಿಯಲ್ಲಿ ಕೆಂಪು ಬಾಳೆಯ ಗೊನೆ ತೂಗುಹಾಕಿದ್ದರೆ ಕಮಲಾಪುರ ಬಂತು ಅಂತ ಅರ್ಥ. ಭೌಗೋಳಿಕ ಗುರುತು ಪಡೆದ ಹಣ್ಣು, ರೇಟು ಸ್ವಲ್ಪ ಜಾಸ್ತಿ. ಒಂದು ತಿಂದರೆ ಊಟ ಮುಂದೂಡಬಹುದು.

ಹಣ್ಣು ತಿನ್ನುತ್ತಾ ಸುತ್ತಲಿನ ನೆಲ ನೋಡಿ. ಇದೆಲ್ಲ ಲಾವಾ. ಸುಮಾರು 6.6 ಕೋಟಿ ವರ್ಷದ ಹಿಂದೆ ನೆಲ ಬಿರಿದು ಲಾವಾ ಒಂದರ ಮೇಲೊಂದು ಹರಿದು ದಖ್ಖನ್ನಿನ ಕರಿಕಲ್ಲಿನ ಹಾಸು ಆಯಿತು. ಇವತ್ತಿಗೂ ಅದು ಸುಮಾರು 5 ಲಕ್ಷ ಚದರ ಕಿ.ಮೀ. ಹರಡಿಕೊಂಡಿದೆ. ಅದರ ಅಂಚು ನಮ್ಮ ಜಿಲ್ಲೆಯಲ್ಲಿ ಬಂದು ನಿಲ್ಲುತ್ತದೆ. ಈ ಕಲ್ಲು ಸವೆದು ಆದ ಎರೆಭೂಮಿಯಲ್ಲೇ ಕಲಬುರಗಿ ತೊಗರಿ ಬೆಳೆಯೋದು. ನಿಮ್ಮ ತಟ್ಟೆಯ ಬ್ಯಾಳಿಗೂ ಆ ಲಾವಾಕ್ಕೂ ಹೀಗೊಂದು ಸಂಬಂಧ.

ಈ ಕಡೆ ಬಾವಿ ತೋಡಿದ ಹಿರಿಯರನ್ನು ಕೇಳಿ ನೋಡಿ. ಗಟ್ಟಿ ಕರಿಕಲ್ಲು ಮುಗಿದರೆ ಮೆತ್ತನೆ ಗರಸು, ಅದು ಮುಗಿದರೆ ಮತ್ತೆ ಕಲ್ಲು ಅಂತಾರೆ. ಲಾವಾ ಒಂದೇ ಸಲಕ್ಕೆ ಹರಿದದ್ದಲ್ಲ. ಒಂದು ಹರಿವಿಗೂ ಇನ್ನೊಂದಕ್ಕೂ ನಡುವೆ ಸಾವಿರಾರು ವರ್ಷ ಸುಮ್ಮನಿದ್ದದ್ದೂ ಉಂಟು. ಆ ಬಿಡುವಿನಲ್ಲಿ ಮಳೆ ಬಂತು, ತಗ್ಗಿನಲ್ಲಿ ಕೆರೆ ಆಯಿತು, ಹುಲ್ಲು ಗಿಡ ಹುಟ್ಟಿತು, ಜೀವ ಬಂತು. ಆಮೇಲೆ ಮತ್ತೆ ಲಾವಾ ಬಂದು ಎಲ್ಲದರ ಮೇಲೆ ಮುಚ್ಚಳ ಹಾಕಿತು. ಗುರುಮಠಕಲ್ ಹತ್ತಿರ ಅಂಥ ಕೆರೆಯ ಕೆಸರಿನಲ್ಲಿ ಸಿಹಿನೀರಿನ ಸಣ್ಣ ಜೀವಿಗಳ ಚಿಪ್ಪುಗಳು ಸಿಕ್ಕಿವೆ.

ಸಸ್ತನಿ ಸಿಕ್ಕಿದ್ದು ಇನ್ನೂ ಸ್ವಲ್ಪ ಮುಂದೆ. ಕಲಬುರಗಿಯಿಂದ ಹೈದರಾಬಾದಿಗೆ ರೈಲು ಹತ್ತಿದರೆ ವಾಡಿ, ತಾಂಡೂರು ದಾಟಿ ವಿಕಾರಾಬಾದ್ ಬರುತ್ತದೆ. ಅದರ ಹತ್ತಿರದ ಊರು ನಸ್ಕಲ್. ಅಲ್ಲಿ ಲಾವಾ ಪದರಗಳ ನಡುವಿನ ಮಣ್ಣನ್ನು ನೆನೆಸಿ, ಜರಡಿ ಹಿಡಿದು, ಉಳಿದ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಪುಟ್ಟ ಹಲ್ಲುಗಳು ಸಿಕ್ಕವು. ಜಿ.ವಿ.ಆರ್. ಪ್ರಸಾದ್ ಮತ್ತು ಅಶೋಕ್ ಸಾಹ್ನಿ 1988ರಲ್ಲಿ ಇದನ್ನು ಪ್ರಕಟಿಸಿದರು. ಡೈನೋಸಾರ್‌ಗಳ ಕೊನೆಗಾಲದಲ್ಲಿ ಭಾರತದಲ್ಲೂ ಸಸ್ತನಿ ಇತ್ತು ಅನ್ನೋದಕ್ಕೆ ಸಿಕ್ಕ ಮೊದಲ ಸಾಕ್ಷಿ ಅದು. ಅದಕ್ಕೆ ಡೆಕ್ಕನೋಲೆಸ್ಟಿಸ್ ಅಂತ ಹೆಸರಿಟ್ಟರು. ಹೆಸರಿನಲ್ಲೇ ನಮ್ಮ ದಖ್ಖನ್ ಇದೆ.

ಗಾತ್ರ? ಮನೆಯ ಮೂಲೆಯಲ್ಲಿ ಓಡುವ ಸೊಂಡಿಲಿಯನ್ನು ನೆನಪಿಸಿಕೊಳ್ಳಿ, ಅಷ್ಟೇ. ಡೈನೋಸಾರ್‌ಗಳು ಹೋದವು. ಇಂಥ ಸಣ್ಣ ಪ್ರಾಣಿಗಳಲ್ಲಿ ಕೆಲವು ಉಳಿದುಕೊಂಡವು. ಅಕ್ಕನ ಮಗಳಿಗೆ ಇದನ್ನು ಹೇಳಿದಾಗ ಅವಳಿಗೆ ಅಷ್ಟು ಸಮಾಧಾನ ಆಗಲಿಲ್ಲ. "ಇಲಿ ಅಷ್ಟ ಏನು? ದೊಡ್ಡದು ಏನೂ ಇದ್ದಿಲ್ಲೇನು?" ಅಂದಳು.

ನಡುವೆ ಒಂದು ನಿಲ್ದಾಣ: ಕಾಕಾನ ಹೊಲ

ದೊಡ್ಡದಕ್ಕೆ ಹೋಗುವ ಮುಂಚೆ ಹಲ್ಲಿನ ವಿಷಯ. ಪಳೆಯುಳಿಕೆ ಅಂದರೆ ಎಲ್ಲರಿಗೂ ಇಡೀ ಅಸ್ಥಿಪಂಜರ ಕಣ್ಣಿಗೆ ಬರುತ್ತದೆ. ಸಿಗೋದು ಹೆಚ್ಚಾಗಿ ಹಲ್ಲು. ದೇಹದಲ್ಲಿ ಹಲ್ಲಿನ ಹೊರಕವಚಕ್ಕಿಂತ ಗಟ್ಟಿಯಾದದ್ದು ಇನ್ನೊಂದಿಲ್ಲ. ಮೂಳೆಯನ್ನು ಕತ್ತೆಕಿರುಬ ಕಡಿಯುತ್ತದೆ, ಮಳೆ ಕರಗಿಸುತ್ತದೆ. ಹಲ್ಲು ಉಳಿಯುತ್ತದೆ.

ಕಮಲಾಪುರದ ಹತ್ತಿರ ನಮ್ಮ ಕಾಕಾನ ಹೊಲ. ಒಂದು ಜೋಡಿ ದೇವಣಿ ಹೋರಿ ಇವೆ. ಅಕ್ಕನ ಮಗಳು ಅವುಗಳ ವಯಸ್ಸು ಕೇಳಿದ್ದಕ್ಕೆ ಕಾಕಾ ಒಂದು ಹೋರಿಯ ಕೆಳತುಟಿ ಇಳಿಸಿ ತೋರಿಸಿದರು. "ನಾಕಲ್ಲಿಂದು ಅದ ನೋಡು. ಈ ನಾಕು ದೊಡ್ಡವು, ಉಳಿದವು ಇನ್ನಾ ಹಾಲುಹಲ್ಲು."

"ಮ್ಯಾಲಿನ ಹಲ್ಲು ಎಲ್ಲಿ ಮುತ್ಯಾ?"

"ದನಕ್ಕ ಮುಂದ ಮ್ಯಾಲಿನ ಹಲ್ಲು ಇರಂಗೇ ಇಲ್ಲವ್ವಾ. ಸಂತಿಯಾಗ ಮಾರಾವ ಏನ್ ಬೇಕಾದ್ದು ಹೇಳ್ತಾನ. ಹಲ್ಲು ಸುಳ್ಳು ಹೇಳಂಗಿಲ್ಲ."

ದನದ ಸಂತೆಯಲ್ಲಿ ವ್ಯವಹಾರ ನಡೆಯೋದೇ ಹೀಗೆ. ಎರಡಲ್ಲು ಅಂದರೆ ಸುಮಾರು ಎರಡು ವರ್ಷದ ಮೇಲೆ. ನಾಲ್ಕಲ್ಲು, ಆರಲ್ಲು, ಆಮೇಲೆ ಬಾಯಿಗೂಡಿತು ಅಂದರೆ ಎಂಟೂ ಬಂದವು. ಹಲ್ಲು ಸವೆದ ರೀತಿ ನೋಡಿ ಮೇವು ಹೇಗಿತ್ತು ಅಂತಲೂ ಹೇಳುವವರಿದ್ದಾರೆ.

ಪಳೆಯುಳಿಕೆ ಓದುವವರು ಮಾಡುವುದೂ ಇದನ್ನೇ, ಆದರೆ ಅವರು ನೋಡೋದು ದವಡೆ ಹಲ್ಲು. ಹುಲ್ಲು ತಿನ್ನುವ ದನ, ಕುದುರೆಗಳ ಹಲ್ಲು ಎತ್ತರ. ಹುಲ್ಲಿನ ಜೊತೆ ಮಣ್ಣೂ ಬಾಯಿಗೆ ಹೋಗುತ್ತದೆ, ಹಲ್ಲು ಬೇಗ ಸವೆಯುತ್ತದೆ, ಅದಕ್ಕೇ ಆ ಎತ್ತರ. ಆನೆಯ ದವಡೆ ಹಲ್ಲು ಇಟ್ಟಿಗೆಯಷ್ಟು ದೊಡ್ಡದು, ಮೇಲೆ ಅಡ್ಡ ಅಡ್ಡ ಗೀರು, ರುಬ್ಬುಕಲ್ಲಿಗೆ ಉಳಿ ಹಾಕಿದ ಹಾಗೆ. ಆನೆಗೆ ಜೀವಮಾನದಲ್ಲಿ ಆರು ಸರ್ತಿ ದವಡೆ ಹಲ್ಲು ಬರುತ್ತದೆ. ಆರನೆಯದೂ ಸವೆದರೆ ಅಗಿಯೋಕೆ ಆಗುವುದಿಲ್ಲ, ಆಯುಷ್ಯ ಅಲ್ಲಿಗೆ ಮುಗಿಯುತ್ತದೆ. ಹೀಗಾಗಿ ಒಂದೇ ಹಲ್ಲು ಸಿಕ್ಕರೂ ಯಾವ ಪ್ರಾಣಿ, ಏನು ತಿನ್ನುತ್ತಿತ್ತು, ಎಳೆಯದೋ ಮುದಿಯೋ ಅಂತ ಹೇಳಬಹುದು.

ಮೂರನೇ ಕೋಣೆ: ಹುಣಸಗಿ ಕಣಿವೆ

ಈಗ ದಿಕ್ಕು ಬದಲಿಸಿ ದಕ್ಷಿಣಕ್ಕೆ ಹೋಗೋಣ. ಜೇವರ್ಗಿ, ಶಹಾಪುರ, ಸುರಪುರ ದಾಟಿ ಹುಣಸಗಿ. ಕಲಬುರಗಿಯಿಂದ ಕಾರಿನಲ್ಲಿ ಮೂರು ತಾಸಿನ ಆಸುಪಾಸು. ದಾರಿಯಲ್ಲಿ ಶಹಾಪುರದ ಮಲಗಿದ ಬುದ್ಧನ ಬೆಟ್ಟ ಸಿಗುತ್ತದೆ, ಫೋಟೋಕ್ಕೆ ನಿಲ್ಲದವರಿಲ್ಲ. ಯಾದಗಿರಿ ಪ್ರತ್ಯೇಕ ಜಿಲ್ಲೆ ಆಗುವ ತನಕ ಇದೆಲ್ಲ ನಮ್ಮ ಜಿಲ್ಲೆಯೇ. ಹಳೆಯ ಪುಸ್ತಕಗಳಲ್ಲಿ ಈಗಲೂ ಗುಲಬರ್ಗಾ ಅಂತಲೇ ಇರುತ್ತದೆ.

ಹುಣಸಗಿ ಮತ್ತು ಬೈಚಬಾಳ ಕಣಿವೆಗಳು ಸೇರಿ ಸುಮಾರು 500 ಚದರ ಕಿ.ಮೀ. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ತ್ವಜ್ಞ ಕೆ. ಪದ್ದಯ್ಯ ದಶಕಗಳ ಕಾಲ ಇಲ್ಲಿ ಹೊಲ ಹೊಲ ತಿರುಗಿದರು. ಆದಿಮಾನವರ ಕಲ್ಲಿನ ಕೈಗೊಡಲಿಗಳು ಸಿಗುವ ಸುಮಾರು 200 ತಾಣಗಳನ್ನು ಗುರುತಿಸಿದರು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಸದಬ, ತೆಗ್ಗಿಹಳ್ಳಿ ಅನ್ನುವ ಊರುಗಳ ಹತ್ತಿರ ಕಲ್ಲಿನ ಉಪಕರಣಗಳ ಜೊತೆಗೆ ಆನೆ ಮತ್ತು ಕಾಡುದನದ ಪಳೆಯುಳಿಕೆ ಹಲ್ಲುಗಳು ಸಿಕ್ಕವು. ಯುರೇನಿಯಂ ಲೆಕ್ಕದಿಂದ ವಯಸ್ಸು ಕಟ್ಟಿದಾಗ ಬಂದದ್ದು ಸುಮಾರು 3 ಲಕ್ಷ ವರ್ಷ. ತೆಗ್ಗಿಹಳ್ಳಿಯ ಆನೆಯ ಹಲ್ಲೊಂದು ಮೂರೂವರೆ ಲಕ್ಷಕ್ಕೂ ಮೇಲೆ. ಇವತ್ತು ಈ ಸೀಮೆಯಲ್ಲಿ ಆನೆ ನೋಡಬೇಕು ಅಂದರೆ ಗುಡಿಯ ಗೋಡೆಯಲ್ಲೋ ಸರ್ಕಸ್ಸಿನ ಹಳೇ ನೆನಪಿನಲ್ಲೋ ನೋಡಬೇಕು. ಆಗ ಇಲ್ಲೇ ಮೇಯುತ್ತಿತ್ತು. ವರ್ಷವಿಡೀ ನೀರು ಬರುವ ಚಿಲುಮೆಗಳು ಈ ಕಣಿವೆಯಲ್ಲಿದ್ದವು. ಬೇಸಿಗೆಯಲ್ಲಿ ಪ್ರಾಣಿಯೂ ಮನುಷ್ಯನೂ ಅದೇ ನೀರಿಗೆ ಬರಬೇಕಿತ್ತು.

ಎಲ್ಲಕ್ಕಿಂತ ದೊಡ್ಡ ಹೆಸರು ಇಸಾಂಪೂರ. ನೀರಾವರಿ ಕೆಲಸಕ್ಕೆ ಮಣ್ಣು ತೆಗೆದಾಗ ಕೆಳಗಿನ ಕಲ್ಲಿನ ಪದರ ಹೊರಬಿತ್ತು. 1997ರಿಂದ ಕೆಲವು ವರ್ಷ ಉತ್ಖನನ ನಡೆಯಿತು. ಆದಿಮಾನವರು ಕೂತು ಕಲ್ಲು ಒಡೆದು ಕೈಗೊಡಲಿ ಮಾಡಿದ ಜಾಗ ಅದು. ಒಡೆದ ಚಕ್ಕೆಗಳೂ ಅರೆಬರೆ ಬಿಟ್ಟ ಉಪಕರಣಗಳೂ ಇದ್ದಲ್ಲೇ ಇದ್ದವು. ಅವರು ಬಳಸಿದ್ದು ಯಾವ ಕಲ್ಲು? ಸುಣ್ಣಕಲ್ಲಿನ ಗಟ್ಟಿ ಜಾತಿ, ನಮ್ಮ ಮನೆಯ ಪರ್ಸಿಯ ಬಳಗದ್ದೇ.

ಅಲ್ಲಿ ಸಿಕ್ಕ ಹುಲ್ಲುತಿನ್ನಿ ಪ್ರಾಣಿಗಳ ಹಲ್ಲಿನ ಕವಚವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದರು. ಮಣ್ಣಿನಲ್ಲಿ ಸಹಜವಾಗಿ ಇರುವ ವಿಕಿರಣ ಹಲ್ಲಿನ ಹರಳುಗಳಲ್ಲಿ ಎಲೆಕ್ಟ್ರಾನ್‌ಗಳನ್ನು ಸಿಕ್ಕಿಸುತ್ತಾ ಹೋಗುತ್ತದೆ. ಹೆಚ್ಚು ಕಾಲ ಹೂತಿದ್ದರೆ ಹೆಚ್ಚು ಎಲೆಕ್ಟ್ರಾನ್. ಆ ಲೆಕ್ಕದಿಂದ ಬಂದ ವಯಸ್ಸು 12 ಲಕ್ಷ 70 ಸಾವಿರ ವರ್ಷ, 1 ಲಕ್ಷ 70 ಸಾವಿರ ಆಚೀಚೆ. 2000ದ ದಶಕದ ಆರಂಭದಲ್ಲಿ ಇದು ಪ್ರಕಟವಾದಾಗ ಭಾರತದ ಅತಿ ಹಳೆಯ ಮಾನವ ತಾಣಗಳ ಮಾತು ಬಂದರೆ ಇಸಾಂಪೂರದ ಹೆಸರು ಮುಂದೆ ಬರುತ್ತಿತ್ತು. 2011ರಲ್ಲಿ ತಮಿಳುನಾಡಿನ ಅತ್ತಿರಂಪಾಕ್ಕಂಗೆ ಸುಮಾರು 15 ಲಕ್ಷ ವರ್ಷದ ಲೆಕ್ಕ ಬಂತು.

ಕಾಕಾ ಹೋರಿಯ ತುಟಿ ಇಳಿಸಿ ವಯಸ್ಸು ಹೇಳಿದ ಹಾಗೆ, ಮನುಷ್ಯರ ತಾಣವೊಂದರ ವಯಸ್ಸು ಹೇಳಿದ್ದು ದನದ ಬಳಗದ ಹಲ್ಲು.

ಕರ್ನಾಟಕದಲ್ಲಿ ಇಂಥ ಹುಡುಕಾಟ ಹೊಸದೇನಲ್ಲ. ರಾಬರ್ಟ್ ಬ್ರೂಸ್ ಫೂಟ್ 1870ರ ದಶಕದ ಆರಂಭದಲ್ಲೇ ಗೋಕಾಕ ಹತ್ತಿರದ ಹಳ್ಳವೊಂದರಲ್ಲಿ ಖಡ್ಗಮೃಗದ ಪಳೆಯುಳಿಕೆ ಕಂಡುಹಿಡಿದು, 1874ರಲ್ಲಿ ಅದನ್ನು ವರ್ಣಿಸಿ ಬರೆದ. ಈಗ ಖಡ್ಗಮೃಗ ನೋಡಲು ಅಸ್ಸಾಮಿಗೆ ಹೋಗುತ್ತೇವೆ. ಒಂದು ಕಾಲಕ್ಕೆ ಅದು ಘಟಪ್ರಭಾ ಕಣಿವೆಯಲ್ಲೇ ಇತ್ತು.

ನಾಲ್ಕನೇ ಕೋಣೆ: ಬೂದಿಹಾಳ

ಅದೇ ಸೀಮೆಯಲ್ಲಿ ಬೂದಿಹಾಳ ಇದೆ. ಊರಿನ ಹೆಸರಲ್ಲೇ ಬೂದಿ. ಸಾವಿರಾರು ವರ್ಷದ ಹಿಂದಿನ ದನಗಾಹಿಗಳು ರಾಶಿ ಹಾಕಿದ ಸಗಣಿ ಸುಟ್ಟು ಸುಟ್ಟು ಆದ ಬೂದಿದಿಬ್ಬ ಅಲ್ಲಿತ್ತು. 1990ರ ದಶಕದಲ್ಲಿ ಪದ್ದಯ್ಯ ಅವರ ತಂಡ ಅಗೆದಾಗ ಮನೆಗಳ ಗುರುತು, ದನದ ಮೂಳೆಗಳು, ಪ್ರಾಣಿ ಕಡಿದು ಮಾಂಸ ಬೇರ್ಪಡಿಸುತ್ತಿದ್ದ ನೆಲ ಸಿಕ್ಕವು. ಕಾಡಿನಲ್ಲಿ ಬೇಟೆಯಾಗುತ್ತಿದ್ದ ದನದ ಬಳಗ ಇಲ್ಲಿಗೆ ಬರುವಷ್ಟರಲ್ಲಿ ಹಟ್ಟಿಯ ದನ ಆಗಿತ್ತು. ಕಾಕಾನ ದೇವಣಿ ಹೋರಿ ಈ ಸಾಲಿನ ಇವತ್ತಿನ ಕೊನೆ.

ಬದುಕಿರುವ ಕಾಡುಪ್ರಾಣಿಗಳನ್ನು ನೋಡಬೇಕಾದರೆ ಚಿಂಚೋಳಿ ಅಭಯಾರಣ್ಯ ಇದೆ. ತೋಳ, ಕತ್ತೆಕಿರುಬ, ಕೃಷ್ಣಮೃಗ ಈ ಒಣಸೀಮೆಯಲ್ಲಿ ಇನ್ನೂ ಉಳಿದಿವೆ.

ಉಳಿಯೋದು ಎಷ್ಟು ದಿನ?

ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಹುಣಸಗಿ ಕಡೆ ಭತ್ತ ಬಂತು. ಭತ್ತಕ್ಕೆ ನೆಲ ಮಟ್ಟಸ ಇರಬೇಕು. ಬುಲ್ಡೋಜರ್ ಬಂದು ದಿಬ್ಬ ಕಡಿದು ತಗ್ಗು ತುಂಬಿತು. ಮಳೆ ನಂಬಿ ಬದುಕಿದ ಮನೆಗೆ ನೀರು ಬಂದಾಗ ಯಾರೂ ಬೇಡ ಅನ್ನೋಲ್ಲ, ಅನ್ನಲೂಬಾರದು. ಇಸಾಂಪೂರ ಹೊರಬಿದ್ದದ್ದೂ ನೀರಾವರಿ ಕೆಲಸದಿಂದಲೇ. ಆದರೆ ಒಂದು ಅಗೆತದಲ್ಲಿ ಹೊರಬಿದ್ದದ್ದನ್ನು ಯಾರಾದರೂ ಗುರುತು ಹಿಡಿಯದಿದ್ದರೆ ಅದು ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಹೋಗುತ್ತದೆ, ಅಷ್ಟೇ. ಗುರುತು ಹಿಡಿಯಬೇಕಾದರೆ ಮೊದಲು ಅಂಥದ್ದನ್ನು ಎಲ್ಲಾದರೂ ನೋಡಿರಬೇಕು. ಹಾಲ್ ಬೇಕಾಗಿರೋದು ಇದಕ್ಕೇ.

ನೀವು ಹೋಗೋದಾದರೆ ಎರಡು ದಿನ ಇಟ್ಟುಕೊಳ್ಳಿ. ನವೆಂಬರಿನಿಂದ ಫೆಬ್ರವರಿ ಒಳ್ಳೆಯದು, ಏಪ್ರಿಲ್–ಮೇ ಬೇಡವೇ ಬೇಡ. ಮೊದಲ ದಿನ ಗುಮ್ಮಟದ ಮ್ಯೂಸಿಯಂ, ಮಧ್ಯಾಹ್ನ ಕಮಲಾಪುರ. ಎರಡನೇ ದಿನ ಬೆಳಿಗ್ಗೆ ಬೇಗ ಎದ್ದು ಹುಣಸಗಿ. ಅಲ್ಲಿ ಕಾಣೋದು ಹೊಲ, ಕಲ್ಲು, ಹಳ್ಳ. ಓದಿಕೊಂಡು ಹೋದರೆ ಕಣ್ಣಿಗೆ ಸಿಗುತ್ತದೆ. ಹೊಲದ ಮಾಲೀಕರನ್ನು ಕೇಳಿಯೇ ಒಳಗೆ ಹೋಗಿ. ಕಲ್ಲಿನ ಉಪಕರಣವೋ, ಭಾರವಾದ ಕಲ್ಲಾದ ಹಲ್ಲೋ ಕಂಡರೆ ಕೀಳಬೇಡಿ, ಬ್ಯಾಗಿಗೆ ಹಾಕಬೇಡಿ. ಪಕ್ಕದಲ್ಲಿ ಪೆನ್ನು ಇಟ್ಟು ಫೋಟೋ ತೆಗೆಯಿರಿ, ಫೋನಿನಲ್ಲಿ ಲೊಕೇಶನ್ ಉಳಿಸಿ, ಪುರಾತತ್ತ್ವ ಇಲಾಖೆಗೋ ಗುಲಬರ್ಗಾ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೋ ತಿಳಿಸಿ. ಜಾಗದಿಂದ ಕಿತ್ತ ಹಲ್ಲಿನ ವಯಸ್ಸು ಹೇಳೋದು ಕಷ್ಟ, ಸುತ್ತಲಿನ ಮಣ್ಣಿನ ಲೆಕ್ಕವೂ ಬೇಕು.

ಇನ್ನು ಆ ಹಾಲ್. ನ್ಯೂಯಾರ್ಕಿನಷ್ಟು ದೊಡ್ಡದು ಬೇಡ, ಒಂದು ಕೋಣೆ ಸಾಕು. ಬಾಗಿಲಲ್ಲಿ ಒಂದು ಶಹಾಬಾದ್ ಪರ್ಸಿ, ಅದರ ಪಕ್ಕ ಅದೇ ಬಳಗದ ಕಲ್ಲಿನ ಕೈಗೊಡಲಿ. ಕಮಲಾಪುರದ ಒಂದು ತುಂಡು ಕರಿಕಲ್ಲು, ಒಂದು ಜರಡಿ, ದುರ್ಬೀನಿನ ಕೆಳಗೆ ಸೊಂಡಿಲಿ ಗಾತ್ರದ ಪ್ರಾಣಿಯ ಹಲ್ಲಿನ ಪಡಿಯಚ್ಚು. ಆನೆಯ ದವಡೆ ಹಲ್ಲಿನ ಪಡಿಯಚ್ಚು ಮಕ್ಕಳು ಮುಟ್ಟಿ ಎತ್ತಿ ನೋಡುವ ಹಾಗಿರಲಿ. ಕನ್ನಡದಲ್ಲಿ, ಉರ್ದುವಿನಲ್ಲಿ ಬೋರ್ಡು ಇರಲಿ. ಜೊತೆಗೆ ಒಂದು ದೇವಣಿ ಹೋರಿಯ ದವಡೆ. ನಮ್ಮ ಕಾಕಾನಂಥವರು ಬಂದರೆ ಮೊದಲು ಅದರ ಹತ್ತಿರವೇ ಹೋಗಿ "ಬಾಯಿಗೂಡ್ಯಾದ" ಅಂತಾರೆ. ಅಲ್ಲಿಂದ ಪಕ್ಕದ 12 ಲಕ್ಷ ವರ್ಷದ ಹಲ್ಲಿಗೆ ಅವರನ್ನು ಯಾರೂ ಕರೆದುಕೊಂಡು ಹೋಗಬೇಕಾಗಿಲ್ಲ.